ಸೌದೆ ಒಡೆಯುವವರ ಮನೆಗೆ ಸೋಲಾರ್

ಸೋಲಾರ್ ವಾಟರ್ ಹೀಟರ್ ಮಾರುವ ನನಗೆ, ಅಂಗಳದಲ್ಲಿ ಸೌದೆ ಒಡೆಯುವವರು ಕಂಡರೆ ಅರ್ಧ ವ್ಯಾಪಾರ ಮುಗಿದಂತೆಯೇ. ಕೊಕ್ಕರ್ಣೆಯ ಆ ಮನೆಯಲ್ಲಿ, ಮುಂಬೈಯ ಹೋಟೆಲು ಬಿಟ್ಟು ಊರಿಗೆ ಬಂದಿದ್ದ ಯಜಮಾನರು ಮಾವಿನ ಕೊರಡಿಗೆ ಕೊಡಲಿ ಹಾಕುತ್ತಿದ್ದರು. ಬಚ್ಚಲ ಹಂಡೆಗೆಂದು ಒಡೆದ ಸೌದೆ ಗೋಡೆಯುದ್ದಕ್ಕೂ ಚೆಂದವಾಗಿ ಪೇರಿಸಿಟ್ಟಿತ್ತು.

"ಇನ್ನು ಈ ಕಷ್ಟ ಬೇಡ ಸರ್" ಎಂದು ನಾನು ಶುರು ಮಾಡಿದ್ದೇ ತಡ, ಅವರು ನನ್ನನ್ನು ಸೌದೆ ರಾಶಿಯ ಮರೆಗೆ ಎಳೆದುಕೊಂಡು ಹೋದರು.

"ಹ್ವಾಯ್, ಇದನ್ನ್ ನನ್ನ ಹೆಂಡ್ತಿ ಹತ್ರ ಹೇಳ್ಬೇಡಿ ಮರಾಯ್ರೆ. ಸೌದಿ ಒಡೀಕ್ ಅಂದೇಳಿ ನಾನ್ ಹೊರ್ಗ್ ಆರಾಮಾಗಿರುದ್. ಒಳ್ಗ್ ಕೂಕಂಡ್ರೆ ದಿನ ಇಡೀ ಅವ್ಳ್ ಸೀರಿಯಲ್ ಕಥಿ ಕೇಳ್ಕಾತ್ತ್. ನಮ್ಮ ಹೆಂಚಿನ ಮಾಡಿಗೆ ಬಿಸ್ಲೇ ಬೀಳುದಿಲ್ಲ ಅಂದ್ಬಿಡಿ."

ನೀರು ಕೇಳಿಕೊಂಡು ಒಳಗೆ ಹೋದೆ. ಅವರ ಹೆಂಡತಿ ನನ್ನ ಕೈಯ ಕರಪತ್ರ ನೋಡಿದ್ದೇ ದನಿ ತಗ್ಗಿಸಿದರು.

"ಸೋಲಾರ್ ಬಂದ್ರೆ ಇವ್ರಿಗೆ ಕೆಲ್ಸ ಇಲ್ದೆ ಆತ್ತ್. ಅಡ್ಗಿಮನಿಗೆ ಬಂದ್, ಉಪ್ಪ್ ಹೆಚ್ಚಾಯ್ತ್, ಹುಳಿ ಕಮ್ಮಿಯಾಯ್ತ್ ಅಂತ್ರ್. ಎಂತಾದ್ರೂ ನೆವ ಹೇಳಿ ಇದನ್ನ್ ತಪ್ಸಿ ಕಾಂಬ."

ಅಷ್ಟರಲ್ಲಿ ಯಜಮಾನರೂ ಒಳಗೆ ಬಂದು, ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು, "ಹೆಂಗೆ, ನಮ್ಮನಿಗೆ ಸೋಲಾರ್ ಆತ್ತಾ?"

ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಉರಿಬಿಸಿಲಿಗೆ ಹೆಂಚು ಕಾದು ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಹಣೆಯ ಬೆವರು ಒರೆಸಿಕೊಳ್ಳುತ್ತಲೇ, "ಆಗುವುದಿಲ್ಲ ಸರ್, ನಿಮ್ಮ ಮಾಡಿಗೆ ಬಿಸಿಲೇ ಬೀಳುವುದಿಲ್ಲ" ಎಂದೆ.

"ಛೇ!" ಎಂದರು ಇಬ್ಬರೂ ಒಟ್ಟಿಗೆ. ಆ ಬೇಜಾರು ಎಷ್ಟು ನಿಜವಾಗಿ ಕಂಡಿತೆಂದರೆ, ಪಾಪ, ಒಂದನ್ನು ಹಾಕಿಸಿಯೇ ಬಿಡೋಣ ಎಂದು ನನಗೇ ಅನ್ನಿಸಿತು.