ಆಯಿಯ ನತ್ತು ಕೊಯ್ದ ದಿನ

"ಅಮ್ಮಾ, ನಗಬೇಡಿ. ಗರಗಸ ಜಾರ್ತದೆ!"

ಕುಮಟೆಯ ಅಕ್ಕಸಾಲಿಗ ಶೇಟರು ಹೀಗೆ ಬೇಡಿಕೊಂಡಿದ್ದು ಅದು ಮೂರನೇ ಸಲ. ಅರವತ್ತರ ದಶಕದ ಮಾತು. ನಾವು ಆಯಿ ಎನ್ನುತ್ತಿದ್ದ ಅಮ್ಮನ ಮೂಗು ಊದಿಕೊಂಡು, ಮದುವೆಯಲ್ಲಿ ಹಾಕಿದ ನತ್ತು ಬಿಚ್ಚಲು ಬಾರದಂತಾಗಿತ್ತು. ಕೂದಲೆಳೆಯಂಥ ಗರಗಸ ತಾಗಿದರೆ ಸಾಕು, ಅಷ್ಟು ನೋವಿನಲ್ಲೂ ಕಚಗುಳಿಯಾಗಿ ಆಯಿ ಕಿಸಕ್ಕನೆ ನಗುತ್ತಿದ್ದಳು.

"ಸಣ್ಣ ಸಾಮಾನಾದ್ರೆ ಅಲುಗದ ಹಾಂಗೆ ಅರಗಿಗೆ ಅಂಟಿಸಿ ಕೊಯ್ತೆ. ಮೂಗನ್ನ ಅಂಟಿಸೂಕಾಗ್ತದ್ಯಾ? ರಾಯ್ರೇ, ನೀವೇ ಹಿಡ್ಕಣಿ," ಎಂದು ಶೇಟರು ಅಪ್ಪನತ್ತ ತಿರುಗಿದರು.

ಮನೆಯಲ್ಲಿ ನಮ್ಮೆದುರು ಆಯಿಯ ಪಕ್ಕ ಕೂರಲೂ ನಾಚುತ್ತಿದ್ದ ಅಪ್ಪ, ಅಂಗಡಿ ತುಂಬ ಜನರಿರುವಾಗ ಎರಡೂ ಅಂಗೈಯಲ್ಲಿ ಅವಳ ಮುಖ ಹಿಡಿದರು. ಆಯಿಯ ನಗು ಥಟ್ಟನೆ ನಿಂತಿತು. ಉಸಿರೂ ಆಡಿದಂತೆ ಕಾಣಲಿಲ್ಲ. ಗರಗಸ ನಾಲ್ಕು ಸಲ ಹಿಂದೆಮುಂದೆ ಆಡಿತು, ನತ್ತು ಶೇಟರ ಕೈಗೆ ಬಂತು.

"ಆತು ರಾಯ್ರೇ, ಇನ್ನು ಬಿಡಿ," ಎಂದು ಅವರೇ ಹೇಳಬೇಕಾಯಿತು. ಅಂಗಡಿಯೆಲ್ಲ ನಕ್ಕಿತು.

ಹೊಸ ನತ್ತಿಗೆ ಶೇಟರು ಸಲೀಸಾದ ಕೊಕ್ಕೆ ಇಟ್ಟುಕೊಟ್ಟರು. ಕಣ್ಣು ಮುಚ್ಚಿಕೊಂಡೇ ಬಿಚ್ಚಬಹುದಿತ್ತು. ಆದರೂ ಅದನ್ನು ಬಿಚ್ಚಬೇಕಾದಾಗಲೆಲ್ಲ ಆಯಿ ಒಳಕೋಣೆಯಿಂದ ಅಪ್ಪನನ್ನೇ ಕರೆಯುತ್ತಿದ್ದಳು.