ಎಡಿಟರಿಗೆ ಸೀರಿ ದಡಿ

ಬೀಜಗಣಿತದ ಲೆಕ್ಕಾ ಬಿಡಿಸೋ ಸಾಫ್ಟ್‌ವೇರ್ ಕಲಿಸಾಕ ಬನಹಟ್ಟಿಯ ಒಂದು ಕಾಲೇಜಿಗೆ ಹೋಗಿದ್ದೆ. ಒಂದ ದಿನದ ತರಬೇತಿ. ಕಂಪ್ಯೂಟರಿನ್ಯಾಗ ಲೆಕ್ಕಾ ಟೈಪ್ ಮಾಡೋ ಪ್ರೋಗ್ರಾಂ, ಅಂದ್ರ ಎಡಿಟರ್, ಆರಿಸೋದ್ರಾಗ ಗಣಿತದ ಸರ್ ಇಡೀ ದಿನ ಕಳೆದ್ರು. ನೇಕಾರರ ಮನಿತನದವರು ನೋಡ್ರಿ.

“ಒಡಲು, ಅಂದ್ರ ಹಿನ್ನೆಲಿ, ಕರಿ ಇರಲ್ರಿ, ಅಂಕಿ ಹಳದಿ, ಕಂಸ ಕೆಂಪು. ಸೀರಿ ದಡಿಯಂಗ ಎದ್ದು ಕಾಣಬೇಕು!”

ಸಂಜಿಮುಂದ ಒಂದು ಎಡಿಟರ್ ಪಸಂದ್ ಆತು. ಒಂದು ಲೆಕ್ಕಾ ಹಾಕ್ರಿ ಅಂದೆ. ಸರ್ ಅದನ್ನ ಹಾಳಿ ಮ್ಯಾಲೆ ಬಿಡಿಸಿ, ಬರೇ ಉತ್ತರ ಟೈಪ್ ಮಾಡಿದ್ರು.

“ಬಿಡಿಸೋದು ಸಾಫ್ಟ್‌ವೇರ್ ಕೆಲಸ ಅಲ್ಲೇನ್ರೀ ಸರ್?”

“ಅದನ್ನ ಹೆಂಗ ನಂಬೋದ್ರೀ?”

ಅದ ಲೆಕ್ಕಾ ನಾನ ಸಾಫ್ಟ್‌ವೇರಿಗೆ ಕೊಟ್ಟೆ. ತೆರೆ ಮ್ಯಾಲೆ ಮೈನಸ್ ಉತ್ತರ ಬಂತು; ಹಾಳಿ ಮ್ಯಾಲೆ ಸರ್ ಆ ಚಿಹ್ನೆ ನುಂಗಿದ್ರು. ಸರ್ ಎರಡೂ ಉತ್ತರ ದಿಟ್ಟಿಸಿ ನೋಡಿ, ಕನ್ನಡಕ ತೆಗೆದ್ರು.

“ಈ ಎಡಿಟರ್ ಬ್ಯಾಡ್ರೀ. ಬ್ಯಾರೆ ತೋರಸ್ರಿ.”