ಏರ್ ಬ್ರಷ್ ಟೇಬಲ್ಲಿನ ನಮ್ಮ ಗಂಗಮ್ಮ

ಸುಳ್ಳು ಅಂತ ಯಾರಾದರೂ ಹೇಳಿ...

ನಿನ್ನೆ ಸಂಜೆ ಫೋನಿನಲ್ಲಿ ನನ್ನನ್ನು ಬೈದವಳು ಇವತ್ತು ಬೆಳಿಗ್ಗೆ ಇಲ್ಲ ಅಂದರೆ ಹೇಗೆ ನಂಬುವುದು?
ನಾನಂತೂ ನಂಬಲ್ಲ...

ಕುದೂರಿನ ಬಸ್ಸಿನಲ್ಲಿ ಕೂತು ಇದನ್ನು ಹಾಕುತ್ತಿದ್ದೇನೆ. ಕಣ್ಣು ಮಂಜು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ, ಕಾಮೆಂಟಿನಲ್ಲಿ ಪಾಠ ಮಾಡಬೇಡಿ.

ನನ್ನ ಫೋಟೋಗಳಲ್ಲಿ ಪಕ್ಕದಲ್ಲೇ ಮುಖ ಗಂಟು ಹಾಕಿಕೊಂಡು ನಿಂತಿರುತ್ತಾಳಲ್ಲ, ಅವಳೇ ಗಂಗಮ್ಮ.
ಚನ್ನಪಟ್ಟಣದ ಗೊಂಬೆ ಶೆಡ್ಡಿನಲ್ಲಿ ನನ್ನ ಜೊತೆ ಮರದ ಕುದುರೆಗಳ ಕೆನ್ನೆಗೆ ಬಣ್ಣ ಹೊಡೆಯುತ್ತಿದ್ದವಳು.

ಅವಳಿಗೆ ಉಬ್ಬಸ. ಸ್ಯಾಂಡ್ ಪೇಪರ್ ಹಿಡಿದು ಗೊಂಬೆ ತಿಕ್ಕಲು ಕೂತರೆ ಮಧ್ಯಾಹ್ನದೊಳಗೆ ಎದೆ ಹಿಡಿದುಕೊಳ್ಳುತ್ತಿದ್ದಳು.
ಓನರ್ ಏರ್ ಬ್ರಷ್ ತಂದಾಗ ಎಲ್ಲರಿಗಿಂತ ಮೊದಲು ಓಡಿ ಆ ಧೂಳಿಲ್ಲದ ಕಿಟಕಿ ಪಕ್ಕದ ಟೇಬಲ್ ಹಿಡಿದಳು.
ಗಾಳಿಯಿಂದ ಬಣ್ಣ ಚಿಮ್ಮಿಸುವ, ಪೆನ್ನಿನಷ್ಟು ಗನ್ನು... ಮೇಲೊಂದು ಪುಟ್ಟ ಬಟ್ಟಲು, ಒಳಗೊಂದು ಸೂಜಿ, ಮುಂದೆ ಬಣ್ಣ ಬರುವ ನಾಜಲ್.
ಆ ಟೇಬಲ್ ಇದ್ದರೆ ಅವಳಿಗೆ ಕೆಲಸ. ಇಲ್ಲದಿದ್ದರೆ ಮನೆ.

ಒಂದು ದಿನ ಬಟ್ಟಲಿನಲ್ಲಿ ಗುಳುಗುಳು ಗುಳ್ಳೆ ಎದ್ದಿತು.
"ಏನೇ ಗಂಗಿ, ಸಾರು ಕುದಿಸ್ತಾ ಇದ್ದೀಯಾ?" ಅಂದೆ.
"ನಾಜಲ್ ತಾವ ಗಾಳಿ ಸೋರ್ತಾ ಐತೆ ಕಣಕ್ಕ. ಒಸಿ ಅರಗು ಮೆತ್ತುದ್ರೆ ನಿಂತೋಯ್ತದೆ."

ಚನ್ನಪಟ್ಟಣದವರ ಬುದ್ಧಿ ಇನ್ನೆಲ್ಲಿಗೆ ಹೋದೀತು! ಗೊಂಬೆಗೆ ಬಣ್ಣ ಹತ್ತಿಸುವುದೂ ಅರಗೇ, ತೂತು ಮುಚ್ಚುವುದೂ ಅರಗೇ...
ಮೆತ್ತಿದಳು. ಗುಳ್ಳೆ ನಿಂತಿತು. ಅವತ್ತಿನ ಜಂಬ ನೋಡಬೇಕಿತ್ತು ನೀವು.
ಮಾರನೇ ದಿನ ತೊಳೆಯೋಣ ಅಂದರೆ ನಾಜಲ್ ಬಿಚ್ಚಲು ಬರಲಿಲ್ಲ. ಅರಗು ಕರಗಲಿ ಅಂತ ದೀಪಕ್ಕೆ ಹಿಡಿದಳು... ಒಳಗಿದ್ದ ರಬ್ಬರ್ ವಾಷರ್ ಕರಗಿ ಹೋಯಿತು.

ಓನರ್ ಹೊಸದು ತರಿಸಿದರು, ಆದರೆ ಖಡಕ್ಕಾಗಿ ಹೇಳಿಬಿಟ್ಟರು: "ಇನ್ನೊಂದ್ಸಲ ಕೆಟ್ರೆ ಟೇಬಲ್ ಎತ್ತುಸ್ಬುಡ್ತೀನಿ. ಎಲ್ರೂ ಸ್ಯಾಂಡ್ ಪೇಪರ್ ಹಿಡೀರಿ."

ಗಂಗಮ್ಮ ಮರುದಿನ ಬಿಡದಿಗೆ ಹೋಗಿ, ಕಾರಿಗೆ ಪೇಂಟ್ ಹೊಡೆಯುವ ಗ್ಯಾರೇಜಿನವನೊಬ್ಬನನ್ನು ಹಿಡಿದು ಕೇಳಿದ್ದಾಳೆ. "ಅರಗಲ್ಲಮ್ಮ, ಜೇನುಮೇಣ. ನಾಜಲ್ ತಿರುಪಿನ ಥ್ರೆಡ್ಡಿಗೆ ತೆಳ್ಳಗೆ ಸವರಿ" ಅಂದನಂತೆ.
ಮೇಣದ ಉಂಡೆಯ ಜೊತೆ ನನಗೆ ತಟ್ಟೆ ಇಡ್ಲಿಯನ್ನೂ ಕಟ್ಟಿಸಿಕೊಂಡು ಬಂದಳು.
"ಎರಡ್ರಲ್ಲಿ ತಿನ್ನೋದು ಯಾವ್ದು ಅಂತ ಕೇಳ್ಬುಟ್ಟು ತಿನ್ನಕ್ಕ" ಅಂದಳು, ಹಾಳಾದವಳು.

ಆಮೇಲೆ ದಿನಾ ಸಂಜೆ ಬಿಳಿ ಬಟ್ಟೆ ಹಾಸಿ ಗನ್ನು ಬಿಚ್ಚುವಳು. ಸೂಜಿಯನ್ನು ಹಿಂದಿನಿಂದ ಎಳೆದು ಒರೆಸುವಳು. ಬಳೆಯಲ್ಲಿ ಪಿನ್ನು ಸಿಕ್ಕಿಸಿಕೊಂಡ ಹೆಂಗಸರನ್ನು ಹತ್ತಿರ ಬಿಡುತ್ತಿರಲಿಲ್ಲ... ನಾಜಲ್ ಕೆದಕಿಬಿಡುತ್ತಾರೆ ಅಂತ.
ಕೊನೆಗೆ ನನ್ನ ಹೆಬ್ಬೆರಳ ಉಗುರಿಗೆ ಪುಸ್ ಅನ್ನಿಸಿ ಪರೀಕ್ಷೆ.
ಒಂದೇ ಉಗುರಿಗೆ ಕೆಂಪು ಬಳಿದುಕೊಂಡು ಎಷ್ಟು ಸಂಜೆ ಬಸ್ಸು ಹತ್ತಿದ್ದೇನೋ... ಕಂಡಕ್ಟರ್ ಮುಸಿಮುಸಿ ನಗುತ್ತಿದ್ದ.

ಗಂಗೀ...
ನಿನ್ನ ಹಾಗೇ ಧೂಳು ಆಗದ ಇಬ್ಬರು ಹೆಂಗಸರನ್ನು ನೀನೇ ಕರೆತಂದು ಆ ಟೇಬಲ್ಲಿಗೆ ಕೂರಿಸಿದೆ.
ಉಬ್ಬಸ ಹೆಚ್ಚಾಗಿ ಕುದೂರಿಗೆ ಮಗಳ ಮನೆಗೆ ಹೋದ ಮೇಲೂ ಅದೇ ಚಿಂತೆ ನಿನಗೆ. "ಗನ್ನು ಕೆಟ್ರೆ ಇವರಿಬ್ರ ಗತಿ ಏನಕ್ಕ?"
ಫೋನಿನಲ್ಲಿ ಗನ್ನಿನ ಸದ್ದು ಕೇಳಿಸಿಕೊಂಡೇ ನನಗೆ ರಿಪೇರಿ ಹೇಳಿಕೊಡುತ್ತಿದ್ದೆ...
ನಿನ್ನೆಯೂ ನನ್ನ ಕೈಯಲ್ಲಿ ಪೂರ್ತಿ ಬಿಚ್ಚಿಸಿದೆ. "ನೀರಲ್ಲಿ ನೆನೆಯಾಕೆ ಮಡಗು. ಜೋಡ್ಸೋದು ಬೆಳಿಗ್ಗೆ ಹೇಳ್ತೀನಿ. ನಿನ್ನ ಕೈಯೋ, ಒನಕೆಯೋ!"

ಬೆಳಿಗ್ಗೆ ಶೆಡ್ಡಿನಿಂದ ಫೋನ್ ಮಾಡಿದರೆ ನಿನ್ನ ಮಗಳು ಎತ್ತಿದಳು.
"ದೊಡ್ಡವ್ವ... ಅವ್ವ ನಿದ್ದೇಲೇ ಹೊಂಟೋದ್ಲು..."

ಓನರ್ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು, "ಗನ್ನು ಕಟ್ಟಿಡಿ ಕೆಂಪಮ್ಮ. ಗಂಗಮ್ಮನೇ ಇಲ್ಲ ಅಂದ್ಮೇಲೆ ಈ ಟೇಬಲ್ ಯಾಕೆ..."
ಆ ಇಬ್ಬರ ಮುಖ ನೋಡಿದೆ.
"ಒಸಿ ತಡೀರಿ" ಅಂದು ಕೂತೆ.

"ಅಲ್ಲಿ ಹೆಣ ಕಾಯ್ತಾ ಐತೆ, ಈಯಮ್ಮ ಗನ್ನು ಹಿಡ್ಕಂಡು ಕೂತವ್ಳೆ" ಅಂದಳು ಹಿಂದಿನಿಂದ ಒಬ್ಬಳು.
"ಹಿಂಗೇ ಬಿಚ್ಚಾಕಿ ಹೋದ್ರೆ ಹೆಣವೇ ಎದ್ದು ಬೈತದೆ. ಬಾಯ್ಮುಚ್ಚೆ!" ಅಂದೆ.

ಮೇಣ ಸವರಿದೆ. ನಾಜಲ್ ತಿರುಗಿಸಿದೆ. ಸೂಜಿಯನ್ನು ಜೋರಾಗಿ ತಳ್ಳಲಿಲ್ಲ ಗಂಗೀ, ನಾಜಲ್ ಸೀಳುತ್ತದೆ ಅನ್ನುತ್ತಿದ್ದೆಯಲ್ಲ... ಮುಟ್ಟಿತು ಅನ್ನಿಸಿದ ಕಡೆ ನಿಲ್ಲಿಸಿದೆ.
ಬಣ್ಣ ಹಾಕಿದೆ. ಒಂದು ಗುಳ್ಳೆ ಏಳಲಿಲ್ಲ.
ಕುದುರೆಯ ಕೆನ್ನೆ ದುಂಡಗೆ ಬಂತು.

ಓನರ್ ಆ ಕುದುರೆಯನ್ನು ಎತ್ತಿ ಸುಮಾರು ಹೊತ್ತು ನೋಡಿದರು. "ಆಯ್ತು, ಟೇಬಲ್ ಇರ್ಲಿ ಬುಡಿ" ಅಂದರು.

ಆ ಇಬ್ಬರೂ ನನ್ನ ಪಕ್ಕದ ಸೀಟಿನಲ್ಲೇ ಅಳುತ್ತಾ ಕೂತಿದ್ದಾರೆ.
ನಾಳೆಗೂ ಅವರಿಗೆ ಕೆಲಸ ಇದೆ ಗಂಗೀ... ಇದೊಂದು ಮಾತು ನಿನ್ನ ಕಿವಿಯಲ್ಲಿ ಹೇಳಬೇಕು. ಮಾಗಡಿ ದಾಟಿದ್ದೇವೆ, ನಾವು ಬರುವವರೆಗೂ ನಿನ್ನನ್ನು ಎತ್ತದಿರಲಿ.

ಎದೆ ತುಂಬ ಉಸಿರಾಡಿಕೊಂಡು ಹೋಗವ್ವ.
ನಿನ್ನ ಜೀವ ಹೋದಲ್ಲಿ ತಣ್ಣಗಿರಲಿ... 🙏